ಎಳೆಯದ ಹ್ಯಾಂಡ್‌ಬ್ರೇಕು, ಬೀರಪ್ಪ ಕೊಟ್ಟ ನ್ಯಾಯ

ಸುಧಾ, ಮಾಳಪ್ಪಾ, ನಿಮ್ಮ ಅಪ್ಪ ಎಡಗಾಲು ಎಳೆದುಕೊಂಡು ಯಾಕೆ ನಡೆಯುತ್ತಾನೆ ಎಂದು ನೀವು ಕೇಳಿದಾಗಲೆಲ್ಲ ಅವನ ಹೆತ್ತವ್ವ, ನಿಮ್ಮ ಆಯಿ ನಾನು ‘ಗಾಡಿ ಹಾಯಿತು’ ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಎದ್ದು ಹೋಗಿದ್ದೇನೆ. ಬಾಯಿಬಿಟ್ಟು ಹೇಳುವುದು ನನಗೆ ಆಗುವುದಿಲ್ಲ. ನಾಲ್ಕು ಮಂದಿ ಕೂತಲ್ಲಿ ನನ್ನ ದನಿಯೇ ಏಳುವುದಿಲ್ಲ. ಊರ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತಿದ್ದೇನೆ, ಆ ಅಕ್ಷರದಿಂದಲೇ ಬರೆಯುತ್ತೇನೆ. ನಮ್ಮ ದೇವರು ಬೀರಪ್ಪನನ್ನು ನಂಬಿದವರು ಯಾರು ಓದಿದರೂ ಅಡ್ಡಿ ಇಲ್ಲ. ಅವನು ನನ್ನ ಮೊರೆ ಕೇಳಿದ್ದು ಖರೆ.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅಪ್ಪ ಸಿದ್ದಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಜ್ಜನ ತಮ್ಮ ಭೀಮಪ್ಪ ಜಮಖಂಡಿಯಲ್ಲಿ ಇದ್ದ. ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರುಗಳು ಅವನವು. ಸಿದ್ದಪ್ಪ ಅವನ ಕೈಕೆಳಗೇ ಗಾಡಿ ಕಲಿತು ಅವನಿಗೇ ಡ್ರೈವರ್ ಆಗಿ ದುಡಿದ. ಮಗನಂತೆ ನೋಡಿಕೊಳ್ಳುತ್ತೇನೆ ಎಂದು ಭೀಮಪ್ಪ ಹೇಳುತ್ತಿದ್ದ. ಮಗನಿಗೆ ಯಾರೂ ‘ಲೇ, ಹೊರಗ ಕುಂದರ’ ಎನ್ನುವುದಿಲ್ಲ. ಅದು ನನಗೆ ಆಗಲೇ ತಿಳಿಯಬೇಕಿತ್ತು.

2015ರ ದಸರೆಗೆ ಭೀಮಪ್ಪ ಹೊಸ ಕಾರು ತಂದ. ಕ್ಲಚ್ ಇಲ್ಲದ್ದು, ಗೇರು ತಾನೇ ಬೀಳುತ್ತದಂತೆ. ಪೂಜೆಗೆಂದು ನಮ್ಮೂರ ಬೀರಪ್ಪನ ಗುಡಿಗೆ ತಂದು ನಿಲ್ಲಿಸಿದಾಗ ಊರೆಲ್ಲ ಸುತ್ತಲೂ ನೆರೆಯಿತು. ನಮ್ಮ ಮಂದಿಯ ಪದ್ಧತಿ ನಿಮಗೆ ಗೊತ್ತು. ಹೊಸ ಗಾಡಿಗೆ ಅರಿಶಿನದ ಭಂಡಾರ ಎರಚಿ, ಕರಿಕುರಿಯ ಉಣ್ಣೆ ಹೊಸೆದು ಕಂಕಣ ಕಟ್ಟುತ್ತೇವೆ. ಟ್ರ್ಯಾಕ್ಟರಿಗಾದರೆ ಅದನ್ನು ಮೂತಿಗೆ ಕಟ್ಟುವುದು ವಾಡಿಕೆ. ಈ ಕಾರಿನ ಮೂತಿಯಲ್ಲಿ ದಾರ ಸುತ್ತಲು ಏನೂ ಸಿಗದೆ ಪೂಜಾರಿ ಒಳಗೆ ಬಗ್ಗಿ ನೋಡಿದ. ಎರಡು ಸೀಟಿನ ನಡುವೆ ಒಂದು ಹಿಡಿಕೆ ಕಂಡಿತು. ಅದಕ್ಕೇ ಗಟ್ಟಿಯಾಗಿ ಸುತ್ತಿ ಗಂಟು ಹಾಕಿದ. ಅದು ಹ್ಯಾಂಡ್‌ಬ್ರೇಕು.

ಕಂಕಣ ತಾನಾಗಿ ಹರಿದು ಬೀಳುವವರೆಗೆ ಕಟ್ಟಿದ ಜಾಗ ಮುಟ್ಟುವಂತಿಲ್ಲ. ಟ್ರ್ಯಾಕ್ಟರಿನ ಮೂತಿಯನ್ನು ಯಾರು ಮುಟ್ಟಬೇಕು, ಹೀಗಾಗಿ ಯಾರಿಗೂ ಎಂದೂ ತೊಂದರೆ ಬಂದಿರಲಿಲ್ಲ. ಸಿದ್ದಪ್ಪ ಅಲ್ಲಿಯೇ ಹೇಳಿದ.

“ಕಾಕಾ, ಅದು ಹ್ಯಾಂಡ್‌ಬ್ರೇಕ್ ಐತಿ. ಬಿಚ್ಚಿ ಬ್ಯಾರೆ ಕಡೆ ಕಟ್ಟಸ್ರಿ. ಈ ಗಾಡಿ ನಿಂದರಬೇಕಂದ್ರ ಅದನ್ನ ಎಳೀಲೇಬೇಕು. ಶೋರೂಮಿನ್ಯಾಂವ ಎರಡೆರಡು ಸಲ ಹೇಳ್ಯಾನ.”

“ದೇವರ ಕಂಕಣ ಬಿಚ್ಚಂತಿ? ಬಾಳ ಶಾಣ್ಯಾ ಆಗೀಯಲೇ. ಗೇರ್ ತಾನ ಹಾಕ್ಕೊಳ್ಳೂ ಗಾಡಿಗೆ ನಿಂದ್ರಾಕ ಬರೂದಿಲ್ಲೇನು?”

“ಬರಂಗಿಲ್ಲರಿ. ಟ್ರ್ಯಾಕ್ಟರ್ ಆದ್ರ ಗೇರಿನ್ಯಾಗ ಬಿಟ್ಟು ಬಂದ್ ಮಾಡಿದ್ರ ಹಿಡೀತೈತಿ. ಇದನ್ನ ನೀವು ನ್ಯೂಟ್ರಲ್ ಮಾಡಿ ಬಂದ್ ಮಾಡ್ತೀರಿ, ಆಮ್ಯಾಲ ಹಿಡಿಯಾಕ ಏನೂ ಇರೂದಿಲ್ಲ. ಎಳಿಯೂದು ಬ್ಯಾಡಂದ್ರ ಗಾಲಿಗೆ ಕಲ್ಲರ ಕೊಡೂಣು.”

“ಹೊಸ ಗಾಡಿಗೆ ಕಲ್ಲ ಇಡ್ತಾನಂತ ಇಂವ! ಕಬ್ಬ ಹೇರೂ ಟ್ರೇಲರ್ ಡಬ್ಬಿ ಅಂತ ತಿಳಿದೀಯೇನಲೇ?” ಎಂದು ಭೀಮಪ್ಪ ನಕ್ಕ. ಅವನ ಸಂಗಡ ಗುಡಿಯ ಮುಂದಿದ್ದವರೆಲ್ಲ ನಕ್ಕರು. ಸಿದ್ದಪ್ಪ ತಲೆ ತಗ್ಗಿಸಿದ.

ದೀಪಾವಳಿ ಆದ ಮೇಲೆ ಭೀಮಪ್ಪ ಹೆಂಡತಿ ಕಾಶವ್ವನನ್ನು ಕರೆದುಕೊಂಡು ಲೋಕಾಪುರದ ಕಡೆ ಹೊರಟ. ಗಾಡಿ ತಾನೇ ಹೊಡೆಯುತ್ತಿದ್ದ, ಸಿದ್ದಪ್ಪ ಪಕ್ಕದಲ್ಲಿ ಕೂತಿದ್ದ. ಮುಧೋಳ ದಾಟಿ ಒಂದು ಏರಿನಲ್ಲಿ ಚಹಾದಂಗಡಿ ಕಂಡು ನಿಲ್ಲಿಸಿದ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ, “ಹಿಂದಿನ ಗಾಜಿಗೆ ಧೂಳಾಗೇತಿ, ಇಳದು ವರಸು” ಎಂದ. ಸಿದ್ದಪ್ಪ ಇಳಿದು ಹಿಂದೆ ಹೋಗಿ ಒರೆಸುತ್ತಿದ್ದ. ಭೀಮಪ್ಪ ಗಾಡಿ ಬಂದ್ ಮಾಡಿ, ಬ್ರೇಕಿನ ಮೇಲಿನ ಕಾಲು ತೆಗೆದು, ಕೆಳಗಿಳಿದ. ಕಾರು ಹಿಂದಕ್ಕೆ ಉರುಳಿತು. ರಸ್ತೆ ಬದಿ ಹೊಲದ ಕಲ್ಲಿನ ಒಡ್ಡು ಇತ್ತು. ಆ ಒಡ್ಡಿಗೂ ಕಾರಿಗೂ ನಡುವೆ ನನ್ನ ಮಗನ ಎಡಗಾಲು ಸಿಕ್ಕಿತು.

ನನಗೆ ಸುದ್ದಿ ಮುಟ್ಟಿದಾಗ ನಾನು ಜೋಳಕ್ಕೆ ಕಳೆ ತೆಗೆಯುತ್ತಿದ್ದೆ. ಕೈಯ ಮಣ್ಣು ತೊಳೆಯದೆ ಬೀಳಗಿಯಿಂದ ಬಾಗಲಕೋಟೆ ಬಸ್ಸು ಹತ್ತಿದೆ. ಸೀಟು ಇರಲಿಲ್ಲ, ಕಂಬಿ ಹಿಡಿದು ನಿಂತೇ ಹೋದೆ. ಆಸ್ಪತ್ರೆಯಲ್ಲಿ ನಿಮ್ಮ ಅವ್ವ ವರಾಂಡದ ನೆಲದ ಮೇಲೆ ಕೂತಿದ್ದಳು, ಮಾಳಪ್ಪ ಅವಳ ತೊಡೆಯ ಮೇಲೆ ಮಲಗಿದ್ದ. ಕಾಲು ಉಳಿಸಿದ್ದೇವೆ, ಒಳಗೆ ರಾಡು ಹಾಕಿದ್ದೇವೆ, ಮೊಣಕಾಲು ಮೊದಲಿನಂತೆ ಮಡಿಚುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಅಳಲಿಲ್ಲ. ಜೀವ ಉಳಿಯಿತಲ್ಲ ಎಂದು ಬೀರಪ್ಪನಿಗೆ ಕೈ ಮುಗಿದೆ.

ಆಗ ಭೀಮಪ್ಪ ಬಂದ. ವಾರ್ಡಿನಲ್ಲಿ ಆಚೀಚೆ ಮಂಚದವರಿಗೆಲ್ಲ ಕೇಳುವ ಹಾಗೆ ಅತ್ತಿಗೆಯಾದ ನನಗೆ ಹೇಳಿದ.

“ಏನ ಹೇಳ್ಲಿ ವೈನಿ, ಮುಂಜಮುಂಜಾನೆ ಕುಡದ ಬಂದಿದ್ದ. ಗಾಡಿ ಇಂವನ ಹೊಡ್ಯಾಕತ್ತಿದ್ದ. ಹ್ಯಾಂಡ್‌ಬ್ರೇಕ್ ಎಳಿಯೂದ ಮರತ ಇಳದ, ತನ್ನ ಗಾಡಿಗೆ ತಾನ ಸಿಕ್ಕ. ನನ್ನ ಹೊಸಾ ಗಾಡೀನೂ ಹಾಳ ಮಾಡಿದ.”

ಕಂಕಣ ಕಟ್ಟಿದ ಆ ಹಿಡಿಕೆ ಮುಟ್ಟಗೊಡದವನೇ ಅವನು. ಕಾಶವ್ವ ಅವನ ಹಿಂದೆಯೇ ನಿಂತಿದ್ದಳು. ಅಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ಕಂಡವಳು ಅವಳು. ನಾನು ಅವಳ ಮುಖ ನೋಡಿದೆ. ಅವಳು ಹಣ್ಣಿನ ಚೀಲ ಮಂಚದ ಕೆಳಗೆ ಇಡುವ ನೆವದಲ್ಲಿ ಬಗ್ಗಿಬಿಟ್ಟಳು. ಸಿದ್ದಪ್ಪ ಎಚ್ಚರಾಗಿ ನಡೆದದ್ದನ್ನು ಹೇಳಿದಾಗ ಮಾತು ಆಗಲೇ ಜಮಖಂಡಿ, ಮುಧೋಳ, ಬನಹಟ್ಟಿವರೆಗೂ ಹಬ್ಬಿ ಹೋಗಿತ್ತು. ಬಡವನ ಮಗ ಹೇಳಿದ್ದು ಸುಳ್ಳು, ಗಾಡಿಯ ಧಣಿ ಹೇಳಿದ್ದು ಖರೆ.

ಮಕ್ಕಳೇ, ಡ್ರೈವರನಿಗೆ ಹೆಸರೇ ಅನ್ನ. ಕುಡಿದು ಹೊಡೆಯುತ್ತಾನೆ ಎಂಬ ಒಂದು ಮಾತು ಬಿದ್ದರೆ ಯಾರೂ ಕೀಲಿ ಕೊಡುವುದಿಲ್ಲ. ಅದೂ ಎಡಗಾಲು ಹೋದವನಿಗೆ. ಕ್ಲಚ್ ತುಳಿಯುವ ಕಾಲು ಅದು. ಟ್ರ್ಯಾಕ್ಟರ್, ಲಾರಿ, ಜೀಪು ಯಾವುದೂ ಅವನಿಗೆ ಇನ್ನು ಇಲ್ಲ. ಯಾವ ಕಾರು ಅವನ ಕಾಲು ಮುರಿಯಿತೋ ಅಂಥ ಕಾರನ್ನು ಮಾತ್ರ ಅವನು ಹೊಡೆಯಬಲ್ಲ, ಅದಕ್ಕೆ ಬಲಗಾಲು ಒಂದಿದ್ದರೆ ಸಾಕು. ನಮ್ಮ ಕಡೆ ಅಂಥ ಕಾರು ಇರುವುದೇ ಅಪರೂಪ. ಮುಧೋಳದಲ್ಲಿ ಕಣ್ಣಿನ ಡಾಕ್ಟರಮ್ಮ ಒಬ್ಬರ ಹತ್ತಿರ ಒಂದು ಇದೆ, ಡ್ರೈವರ್ ಬೇಕಂತೆ ಎಂದು ಯಾರೋ ಹೇಳಿದರು. ಸಿದ್ದಪ್ಪ ಬಡಿಗೆ ಊರಿಕೊಂಡು ಹೋದ, ಜೊತೆಗೆ ನಾನೂ ಹೋದೆ. ಡಾಕ್ಟರಮ್ಮ ಕೆಟ್ಟವರಲ್ಲ. ನಮಗೆ ನೀರು ಕೊಡಿಸಿದರು. ಆದರೆ, “ನಿಮ್ಮ ಸುದ್ದಿ ಕೇಳೇನ್ರಿ. ಕುಡದು ಗಾಡಿ ಹೊಡಿಯೋರು ನನಗ ಬ್ಯಾಡ” ಎಂದರು. ‘ಅವನು ಹನಿ ಮುಟ್ಟಿದವನಲ್ಲ’ ಎನ್ನಬೇಕು ಎಂದು ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಬಸ್ಸಿನಲ್ಲಿ ಸಿದ್ದಪ್ಪ ಕಿಡಕಿಯ ಆಚೆಯೇ ನೋಡುತ್ತಿದ್ದ. “ಎವ್ವಾ, ಇನ್ನ ಯಾರ ಬಾಗಲಿಗೂ ಹೋಗೂದ ಬ್ಯಾಡ” ಎಂದ. ಮನೆಗೆ ಬಂದ ಮೇಲೆ ಅವನು ಗೋಡೆಗೆ ಮುಖ ಮಾಡಿ ಮಲಗಿದ. ನಿಮ್ಮ ಅವ್ವ ಕೂಲಿಗೆ ಹೋಗತೊಡಗಿದಳು. ನೀವು ಹೊಸ್ತಿಲಲ್ಲಿ ಆಡುತ್ತಿದ್ದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಹೀಗೇ ಬಿಟ್ಟರೆ ಮಗ ಕೈತಪ್ಪಿ ಹೋಗುತ್ತಾನೆ ಎಂದು ನನಗೆ ಹೆದರಿಕೆ ಹುಟ್ಟಿತು.

ಮಾರನೆಯ ಬೆಳಿಗ್ಗೆ ಬೀರಪ್ಪನ ಗುಡಿಗೆ ಹೋದೆ. ಪೂಜಾರಿ ಭಂಡಾರ ಹಚ್ಚಲು ಬಂದಾಗ ಹಣೆ ಹಿಂದೆ ಸರಿಸಿದೆ. ಹುಟ್ಟಿದಾಗಿನಿಂದ ನಾನು ಹಾಗೆ ಮಾಡಿರಲಿಲ್ಲ. ಅವನು ಗಾಬರಿಯಾಗಿ ನೋಡಿ ಹೋದ. ಮಂದಿಯ ಮುಂದೆ ಏಳದ ದನಿ ದೇವರ ಮುಂದೆ ಎದ್ದಿತು.

“ಬೀರಪ್ಪಾ, ನಿನ್ನ ಕಂಕಣದ ಹೆಸರಿನ್ಯಾಗ ನನ್ನ ಮಗನ ಕಾಲ ಮುರದಾರ. ನೀ ಸುಮ್ನ ಕುಂತೀ. ಭೀಮ್ಯಾನ ಕಾಲ ಮುರಿ ಅಂತ ನಾ ಕೇಳಂಗಿಲ್ಲ. ಕಾಲ ಮುರದ್ರ ಮಂದಿ ಹಣ್ಣ ತಗೊಂಡ ಮಾತಾಡಸಾಕ ಹೋಕ್ಕಾರ. ಅವನ ಮಾನ ಮುರಿ. ಎಲ್ಲಾರ ಮುಂದ ಮುರಿ, ನಾ ಕಣ್ಣಿಂದ ನೋಡುಹಂಗ ಮುರಿ. ಅಲ್ಲೀತನಕ ನಿನ್ನ ಭಂಡಾರ ನನಗ ಬ್ಯಾಡ.”

ದಿನಾಲು ಹೋಗಿ ಅದನ್ನೇ ಹೇಳಿದೆ. ಕೋಪ ತಣ್ಣಗಾಗಲಿ ಎಂದು ಒಮ್ಮೆಯೂ ಬೇಡಿಕೊಳ್ಳಲಿಲ್ಲ. ಬೀಸುವ ಕಲ್ಲಿನಲ್ಲಿ ಜೋಳ ಬೀಸಿದಂತೆ ಅದನ್ನು ದಿನವೂ ಬೀಸಿ ಸಣ್ಣಗೆ ಮಾಡಿದೆ. ಚಳಿಗಾಲ ಹೋಗಿ ಬೇಸಿಗೆಯೂ ಕಳೆಯಿತು. ದೇವರು ಕಿವುಡನಾದ ಎಂದುಕೊಂಡ ದಿನಗಳೂ ಇದ್ದವು.

ಭೀಮಪ್ಪ ಕಾರು ರಿಪೇರಿ ಮಾಡಿಸಿ, ದೇವರು ಮುನಿದಿದ್ದಾನೆ ಎಂದು ಹೇಳಿಕೊಂಡು, ಅದೇ ಹಿಡಿಕೆಗೆ ಇನ್ನೂ ದಪ್ಪನೆಯ ಕಂಕಣ ಕಟ್ಟಿಸಿದ್ದ. ಆ ಹಿಡಿಕೆ ಎಳೆದರೆ ಅಂದು ಗುಡಿಯ ಮುಂದೆ ಸಿದ್ದಪ್ಪ ಹೇಳಿದ್ದು ಖರೆ ಎಂದು ಒಪ್ಪಿದಂತೆ. ಜಮಖಂಡಿಯ ಸಪಾಟು ರಸ್ತೆಯಲ್ಲಿ ಅವನಿಗೆ ಅದರ ಗರಜೂ ಬೀಳಲಿಲ್ಲ.

ಮರುವರ್ಷದ ಶ್ರಾವಣ ಬಂತು. ನಮ್ಮ ಹಳೆ ಊರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ್ದು ನಿಮಗೆ ಗೊತ್ತಿದೆ. ಹಳೆ ಊರಿಗೆ ಹೋಗುತ್ತಿದ್ದ ಡಾಂಬರು ರಸ್ತೆ ಮಾತ್ರ ಹಾಗೇ ಇದೆ. ದಿಬ್ಬದಿಂದ ಇಳಿದು ನೆಟ್ಟಗೆ ನೀರಿನೊಳಗೆ ಹೋಗುತ್ತದೆ. ನೀರು ತುಂಬಿದಾಗ ನಾವು ಅಲ್ಲಿಯೇ ಗಂಗೆಯ ಪೂಜೆ ಮಾಡುತ್ತೇವೆ. ಆ ವರ್ಷವೂ ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೋದರು. ನಾನು ಸಿದ್ದಪ್ಪನನ್ನು ಹಟ ಮಾಡಿ ಎಬ್ಬಿಸಿ ಕರೆದುಕೊಂಡು ಹೋದೆ. ಅವನು ದಿಬ್ಬದ ಮೇಲೆ ಜಾಲಿಯ ನೆರಳಿನಲ್ಲಿ ಕೂತ. ನಾನು ರಸ್ತೆಯ ಅಂಚಿನಲ್ಲಿ, ಹೆಂಗಸರು ಅರಿವೆ ಒಗೆಯಲು ತಂದಿಟ್ಟ ಕಲ್ಲುಗಳ ಹತ್ತಿರ ನಿಂತೆ.

ಭೀಮಪ್ಪನ ಕಾರು ಬಂತು. ಮೂತಿಗೆ ಹಾರ, ಮೈತುಂಬ ಭಂಡಾರ. ಎಲ್ಲರೂ ನೋಡಲಿ ಎಂದು ಇಳಿಜಾರಿನ ಅರ್ಧಕ್ಕೆ ತಂದು ನಿಲ್ಲಿಸಿದ. ಮುಂದಿನ ಗಾಲಿ ಡಾಂಬರಿನ ಒಂದು ತಗ್ಗಿನಲ್ಲಿ ಕೂತು ಕಾರು ನಿಂತಿತು. ಅವನೂ ಕಾಶವ್ವನೂ ಇಳಿದರು. ಬುತ್ತಿ ಗಂಟು ತೆಗೆದು ಕಾಶವ್ವ ಹಿಂದಿನ ಬಾಗಿಲು ದಪ್ಪನೆ ಬಡಿದಳು. ಆ ಬಡಿತಕ್ಕೆ ಗಾಲಿ ತಗ್ಗು ದಾಟಿತು.

ಮೊದಲು ಮೆಲ್ಲಗೆ, ಎಮ್ಮೆ ನೀರಿಗೆ ಹೊರಟ ಹಾಗೆ ಹೊರಟಿತು. ಮಂದಿ ಹೋ ಎಂದು ಎರಡೂ ಬದಿಗೆ ಸರಿದರು. ಮುಂದೆ ಯಾರೂ ಇರಲಿಲ್ಲ, ನೀರೊಂದೇ ಇತ್ತು. ಭೀಮಪ್ಪ ಧೋತರದ ಚುಂಗು ಹಿಡಿದು ಹಿಂದೆ ಓಡಿದ. ಕಾರು ನನ್ನ ಪಕ್ಕಕ್ಕೇ ಬರುತ್ತಿತ್ತು. ಕಲ್ಲು ನನ್ನ ಕಾಲ ಬಳಿಯಲ್ಲೇ ಇತ್ತು, ಕಾಲಿನಿಂದ ಸರಿಸಿದ್ದರೂ ಸಾಕಿತ್ತು.

“ವೈನೀ! ಕಲ್ಲ ಕೊಡ್ರಿ! ಗಾಲಿಗೆ ಕಲ್ಲ ಕೊಡ್ರೀ!”

ನಾನು ಎರಡೂ ಕೈ ಜೋಡಿಸಿಕೊಂಡು ನಿಂತೆ. ನನ್ನ ದನಿ ಅಂದು ಎದ್ದಿತು ಮಕ್ಕಳೇ. ಊರವರೆಲ್ಲ ಕೇಳಿದರು.

“ಹೊಸಾ ಗಾಡಿಗೆ ಕಲ್ಲ ಇಡೂಹಂಗಿಲ್ಲಲ್ಲೋ ಭೀಮಪ್ಪಾ!”

ಕಾರು ನನ್ನನ್ನು ದಾಟಿ ಹೋಯಿತು. ಭೀಮಪ್ಪ ಅದರ ಹಿಂಬದಿ ಹಿಡಿಯಲು ಹೋಗಿ ರಾಡಿಯಲ್ಲಿ ಮೊಣಕಾಲೂರಿ ಬಿದ್ದ. ಕಾರು ನೀರಿಗಿಳಿದು, ಸ್ವಲ್ಪ ಹೊತ್ತು ತೇಲಿ, ಹಾರದ ಸಮೇತ ಒಂದು ಸುತ್ತು ತಿರುಗಿ, ಹಳೆ ಊರಿನ ಕಡೆಗೆ ಮುಖ ಮಾಡಿಕೊಂಡು ಮುಳುಗಿತು. ಭಂಡಾರ ಬಿಟ್ಟು ನೀರು ಹಳದಿಯಾಯಿತು. ನಾನು ರೆಪ್ಪೆ ಬಡಿಯದೆ ನೋಡಿದೆ. ಅಷ್ಟು ಚೆಂದದ್ದನ್ನು ನಾನು ಬೇರೆ ನೋಡಿಲ್ಲ.

ಭೀಮಪ್ಪ ಎದ್ದವನೇ ಹೆಂಡತಿಯ ಮೇಲೆ ಹೋದ. “ಎಲ್ಲಾ ನಿನ್ನಿಂದ ಆತು! ಬಾಗಲಾ ಹಂಗ ಬಡೀತಾರೇನ ದನಾ?” ಎಂದು ಮಂದಿಯ ಮುಂದೆ ಕೈ ಎತ್ತಿದ. ಕಾಶವ್ವ ಬುತ್ತಿ ಗಂಟು ಕೆಳಗೆ ಇಟ್ಟಳು.

“ನನ್ನಿಂದ ಆತೇನು? ಆವತ್ತ ಸಿದ್ದ್ಯಾನಿಂದ ಆತು, ಇವತ್ತ ನನ್ನಿಂದ ಆತು! ಆವತ್ತೂ ಗಾಡಿ ನೀವ ಹೊಡ್ಯಾಕತ್ತಿದ್ರಿ. ನೀವ ಬ್ರೇಕ್ ಎಳೀದ ಇಳದ್ರಿ. ಆ ಹುಡುಗ ಗಾಜ ವರಸ್ತಿದ್ದ. ಹನಿ ಕುಡದಿರಲಿಲ್ಲ ಅಂವ. ನಾ ನೋಡೇನಿ, ಈ ಗಂಗಿ ಮ್ಯಾಲ ಆಣಿ!”

ಮಂದಿ ಹತ್ತಿರ ಬಂದು ಸುತ್ತ ನೆರೆದರು. ಆಮೇಲೆ ಹಿರಿಯನೊಬ್ಬ, “ಏನಪಾ ಭೀಮಪ್ಪ, ಖರೆ ಏನು?” ಎಂದ. ಭೀಮಪ್ಪ ಬಾಯಿ ತೆರೆದ, ದನಿ ಬರಲಿಲ್ಲ. ದನಿ ಬಾರದೆ ನಿಲ್ಲುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. ಅವನಿಗೂ ಗೊತ್ತಾಗಲಿ ಎಂದು ನಾನು ಎದುರಿಗೇ ನಿಂತು ನೋಡಿದೆ.

ಅವನ ಬಾಯಿಂದಲೇ ನಿಜ ಬರಲಿ ಎಂದು ನಾನು ಕಾದಿದ್ದೆ. ಬೀರಪ್ಪ ಅದನ್ನು ಕಾಶವ್ವನ ಬಾಯಿಂದ ಹೊರಡಿಸಿದ. ಅವಳನ್ನೂ ನಾನು ಶಪಿಸಿದ್ದೆ. ಮನುಷ್ಯರಿಗೆ ಹೊಳೆಯದ ದಾರಿ ಅವನದು. ಮರುದಿನ ಗುಡಿಗೆ ಹೋಗಿ ಹಣೆ ಮುಂದೆ ಚಾಚಿದೆ. ಪೂಜಾರಿ ಭಂಡಾರವನ್ನು ಕೆನ್ನೆಗೂ ಬಳಿದು ನಕ್ಕ.

ಊರವರ ಬಾಯಿಂದ ಮಾತು ಮುಧೋಳ ಮುಟ್ಟಿತು. ಕಣ್ಣಿನ ಡಾಕ್ಟರಮ್ಮ ಹೇಳಿ ಕಳಿಸಿದರು. ಸಿದ್ದಪ್ಪನಿಂದ ಗಾಡಿ ಹೊಡೆಸಿ ಒಂದು ಏರಿನಲ್ಲಿ ನಿಲ್ಲಿಸಲು ಹೇಳಿದರಂತೆ. ಅವನು ಕಾಲು ಬ್ರೇಕಿನ ಮೇಲೆಯೇ ಇಟ್ಟು, ಹಿಡಿಕೆ ಪೂರ್ತಿ ಎಳೆದು, ನ್ಯೂಟ್ರಲ್ ಮಾಡಿ, ಆಮೇಲೆ ಮೆಲ್ಲಗೆ ಕಾಲು ತೆಗೆದ. ಕಾರು ಅಲುಗಲಿಲ್ಲ. “ನಾಳಿಯಿಂದ ಬರ್ರಿ ಸಿದ್ದಪ್ಪ” ಎಂದರಂತೆ. ಅಂದು ಸಂಜೆ ನಿಮ್ಮ ಅಪ್ಪ ನಿಮ್ಮಿಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡ. ಅಷ್ಟು ತಿಂಗಳ ಮೇಲೆ ಅವನ ನಗು ಕೇಳಿದೆ. ಇಂದಿಗೂ ಅವನು ಅವರ ಗಾಡಿ ಹೊಡೆಯುತ್ತಿದ್ದಾನೆ. ನೀವು ಉಣ್ಣುತ್ತಿರುವುದು ಆ ಅನ್ನ.

ಭೀಮಪ್ಪ ಒಮ್ಮೆ ಮನೆಗೆ ಬಂದು ಹೊಸ್ತಿಲಿನ ಆಚೆ ನಿಂತು, “ತಪ್ಪಾತ್ರಿ ವೈನಿ” ಎಂದ. ಚಹಾ ಕೊಟ್ಟೆ. ಮಾತು ಕೊಡಲಿಲ್ಲ. ಆಯಿ ಕ್ಷಮಿಸಬೇಕಿತ್ತು ಎಂದು ದೊಡ್ಡವರಾದ ಮೇಲೆ ನೀವು ಅಂದುಕೊಳ್ಳಬಹುದು. ನಾನು ಕ್ಷಮಿಸಿಲ್ಲ ಎಂಬುದನ್ನು ಬೀರಪ್ಪನಿಗೆ ಹೇಳಿದ್ದೇನೆ, ಅವನೇನೂ ಬೈದಿಲ್ಲ. ನನ್ನಂಥ ಮೂಕಿಯ ಸಿಟ್ಟನ್ನೂ ತೆಗೆದು ಎಸೆಯದೆ, ಕೈಗೆ ತೆಗೆದುಕೊಂಡು ಕೆಲಸಕ್ಕೆ ಹಚ್ಚಿದ ದೇವರು ಅವನು. ಅವನನ್ನು ನಂಬಿರಿ.

ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ ಕಂಬಳಿಯ ಮಡಿಕೆಯೊಳಗೆ ಇಟ್ಟಿರುತ್ತೇನೆ. ಹುಳ ಬೀಳದಂತೆ ವರ್ಷಕ್ಕೊಮ್ಮೆ ಬೇವಿನ ಎಲೆ ಬದಲಿಸಿರಿ. ಭೀಮಪ್ಪನ ಮೊಮ್ಮಕ್ಕಳು ಎಂದಾದರೂ ಕೇಳಿದರೆ ಕೈಗೆ ಕೊಡಬೇಡಿ, ಕೂರಿಸಿಕೊಂಡು ಓದಿ ಹೇಳಿರಿ, ಗಟ್ಟಿ ದನಿಯಲ್ಲಿ. ಹಾಳೆ ಮಾತ್ರ ಜೋಪಾನ.