ಮುನೀರಾ ಅಕ್ಕೋರ ಪಾಂಡಾ

ನಾನು ಹೊಲಿದ ಅರಳೆಯ ಪಾಂಡಾವನ್ನು ದೇವಪ್ಪ ನಾಯಿ ಎಂದದ್ದು ನನಗೆ ಇವತ್ತಿಗೂ ಸಿಟ್ಟು. ಕರಡಿ ಅಂದಿದ್ದರೆ ಬಿಡುತ್ತಿದ್ದೆ. ಶಾಲೆಯ ಕಟ್ಟೆಯ ಮೇಲೆ, ಅಷ್ಟು ಮಕ್ಕಳ ಎದುರು, "ಯಾವೂರ ನಾಯೋ ಇದು, ಸುಭಾನಿ? ಬಾಲ ಯಾರು ಕಡಕೊಂಡು ಹೋದ್ರು?" ಅಂದ. ಅವನ ಮೆಣಸಿನಕಾಯಿ ಹೊಲಕ್ಕೆ ಆಳು ಸಿಕ್ಕಿರಲಿಲ್ಲ. ಆ ಉರಿಯನ್ನು ನನ್ನ ಕೆಲಸದ ಮೇಲೆ ಕಾರಿದ. ಇರಲಿ, ಇದು ಅವನ ಕಥೆಯಲ್ಲ. ಮುನೀರಾ ಅಕ್ಕೋರದು.

ಅಕ್ಕೋರು ಗಜೇಂದ್ರಗಡದವರು, ನೇಕಾರರ ಮನೆಯ ಮಗಳು. ಮುಶಿಗೇರಿಯ ನಮ್ಮ ಓಣಿಯ ಶಾಲೆಗೆ ಕಲಿಸಲು ಬಂದದ್ದು ಎರಡು ಸಾವಿರದ ನಾಲ್ಕರ ಸುಮಾರಿಗೆ. ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಬಸ್ಸು ಕೈಕೊಟ್ಟರೆ ಟಂಟಂ ಆಟೋ. ಅವರು ಧ್ವನಿ ಎತ್ತಿದ್ದನ್ನು ನಾನು ಕೇಳಿಲ್ಲ. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನ ಜೊತೆ ಗಾದಿ ಹೊಲಿಯಲು ಕುಳಿತವನು. ಹೊಡೆಯದೆ ಬೈಯದೆ ಕಲಿಸುವುದು ಅಂತ ಒಂದು ಇದೆ ಎಂದು ಅವರನ್ನು ನೋಡಿದ ಮೇಲೆಯೇ ಗೊತ್ತಾದದ್ದು.

ಆ ವರ್ಷ ಚಳಿಗಾಲದಲ್ಲಿ ಅವರಿಗೆ ಸಂಕಟ ಬಂತು. ಮೆಣಸಿನಕಾಯಿ, ಹತ್ತಿ ಬಿಡಿಸುವ ಸುಗ್ಗಿ. ಅರ್ಧ ಮಕ್ಕಳು ಹೊಲದಲ್ಲಿ. ಇತ್ತ ರೋಣದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದು ತಲೆ ಎಣಿಸುವವರಿದ್ದರು. ತಲೆ ಕಡಿಮೆ ಕಂಡರೆ ಶಾಲೆಗೆ ಒಬ್ಬ ಮೇಷ್ಟ್ರು ಹೆಚ್ಚಾದರು ಎಂದರ್ಥ, ಕೊನೆಗೆ ಬಂದವರು ಮೊದಲು ಹೋಗಬೇಕು. ಅಕ್ಕೋರನ್ನು ಹಾಕುವುದು ಹೊಳೆಯ ಕಡೆಯ ಯಾವುದೋ ದೂರದ ಊರಿಗೆ. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಸಂಜೆ ಇವರು ತಿರುಗಿ ಹೋಗದಿದ್ದರೆ ಆ ಮುದುಕಿಗೆ ನೀರು ಕೊಡುವವರಿಲ್ಲ.

ಒಂದು ದಿನ ನನ್ನ ಅಂಗಡಿಗೆ ಬಂದು ನಿಂತರು.

"ಭಾಯ್, ನಿಮ್ಮ ಕಡಿಂದ ಒಂದು ಪ್ರಾಣಿ ಆಗಬೇಕಿತ್ತು."

"ನಾ ಗಾದಿ ಮಾಡ್ತೀನ್ರಿ, ತೆಲಿದಿಂಬ ಮಾಡ್ತೀನಿ. ಪ್ರಾಣಿ ಅಲ್ಲಾಹ ಮಾಡ್ತಾನ."

"ಅವ ಮಾಡಿದ್ದು ಚೀನಾದಾಗ ಐತ್ರಿ. ನಮ್ಮ ಹುಡುಗ್ರಿಗೆ ಅಲ್ಲಿತನಕ ಬಸ್ಸಿಲ್ಲ."

ಪುಸ್ತಕ ತೆಗೆದು ಚಿತ್ರ ತೋರಿಸಿದರು. ಹೆಬ್ಬೆರಳಿನಷ್ಟು ಚಿತ್ರ, ಅದರಲ್ಲೂ ಶಾಯಿ ಕಲಸಿತ್ತು. ಕುಣಿಸುವವರು ತರುವ ಕರಡಿಯನ್ನು ನಮ್ಮೂರ ಮಕ್ಕಳು ನೋಡಿದ್ದವು. ಕರಡಿ ಕರಿ-ಬಿಳಿ ಇರುತ್ತದೆ ಅಂದರೆ, ಯಾರೋ ಸುಣ್ಣ ಬಳಿದಾರ ಎಂದು ನಗುತ್ತಿದ್ದವಂತೆ. ಅದನ್ನು ಕೇಳಿ ನನಗೆ ಹಟ ಬಂತು. ಗಾದಿಯ ಬಿಳಿ ಅರಿವೆ ಕತ್ತರಿಸಿದೆ. ಕಿವಿ, ಕಣ್ಣಿನ ಸುತ್ತು, ಕೈಕಾಲು ಹರಿದ ಕೊಡೆಗಳ ಕರಿ ಬಟ್ಟೆಯಿಂದ ಆದವು.

ತುಂಬುವ ಕೆಲಸವನ್ನು ಅಕ್ಕೋರು ನನಗೆ ಬಿಡಲಿಲ್ಲ. ನಾನು ಹಿಂಜಿದ ಅರಳೆ ಒಯ್ದು ಕೊಡಬೇಕು, ಆ ದಿನ ಶಾಲೆಗೆ ಬಂದ ಮಗು ಒಂದು ಹಿಡಿ ತುಂಬಬೇಕು. ಬರದಿದ್ದವರಿಗೆ ಹಿಡಿ ಇಲ್ಲ. ಖಾಲಿ ಚೀಲದ ಹಾಗೆ ಮೂಲೆಯಲ್ಲಿ ಬಿದ್ದಿದ್ದ ಪಾಂಡಾ ನಿಧಾನಕ್ಕೆ ಏಳತೊಡಗಿತು. ನಾಕಾರು ಹುಡುಗರು ಹೊಲ ತಪ್ಪಿಸಿ ಬಂದರು. ಆಮೇಲೆ ಪೂಜಾ ಎಂಬ ಹುಡುಗಿಯ ತಾಯಿ ಬಂದಳು.

"ಅಕ್ಕೋರ, ಹೊಲಕ್ಕ ಬಾ ಅಂದ್ರ ಪಾಂಡಾದ ಕಾಲು ಅರ್ಧ ಆಗೈತಿ ಅಂತಾಳ. ಆ ಕಾಲು ಲಗೂ ಮುಗಿಸಿಬಿಡ್ರಿ."

"ಕಾಲು ಮುಗದ್ರ ಹೊಟ್ಟಿ ಐತ್ರಲ್ಲ, ಯವ್ವಾ."

ಪಾಠಕ್ಕೆ ಒಂದೊಂದು ಜೋಳದ ದಂಟು ತರಿಸಿದರು. ಮಕ್ಕಳು ಕಾಲು ಚಾಚಿ ಕುಳಿತು ಸಿಗಿದು ಅಗಿಯಬೇಕು, ಪಾಂಡಾ ಬಿದಿರು ತಿನ್ನುವ ಹಾಗೆ. "ಬಿದಿರಿನಾಗ ಕಸುವು ಕಮ್ಮಿ. ಅದಕ್ಕ ಅದು ಮುಂಜಾನಿಂದ ಸಂಜಿತನಕ ತಿಂತನ ಇರಬೇಕು" ಅಂದರು ಅಕ್ಕೋರು. ಕಳಕೇಶ ಎಂಬ ಹುಡುಗ ಕೈ ಎತ್ತಿದ. "ನಮ್ಮ ಅಜ್ಜನೂ ಹಂಗರೀ. ದಿನಾ ತಿಂತಾನ, ಕಸುವು ಮಾತ್ರ ಇಲ್ಲ." ಅಕ್ಕೋರು ನಗು ತಡೆಯಲು ಹಲಗೆಯ ಕಡೆ ತಿರುಗಿದ್ದನ್ನು ನಾನು ಕಂಡೆ.

ಸಾಹೇಬರು ಬರುವ ಹಿಂದಿನ ದಿನ ಹೊಟ್ಟೆ ಮುಚ್ಚುವ ಕೆಲಸ ಉಳಿದಿತ್ತು. ಸಣ್ಣ ಹೊಲಿಗೆಗೆ ಸಿದ್ದಲಿಂಗವ್ವನನ್ನು ಕರೆದಿದ್ದೆವು. ಓಣಿಗೆಲ್ಲ ಕೌದಿ ಹೊಲಿಯುವ ಮುದುಕಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ಹೋಳಿಗೆ ಒಳಗಿಡುವುದು ನಮ್ಮ ಕಡೆಯ ಪದ್ಧತಿ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಅನ್ನುತ್ತಾರೆ. ಮುದುಕಿ ಸೆರಗಿನ ಗಂಟು ಬಿಚ್ಚಿದಳು. ಒಂದು ಚೂರಲ್ಲ, ಅರ್ಧ ಹೋಳಿಗೆ.

"ಆಯಿ, ಅದು ಕೌದಿ ಅಲ್ಲ" ಅಂದೆ.

"ಹೊಟ್ಟಿ ಐತಿಲ್ಲೋ?"

"ಇಲಿ ಬರ್ತಾವ."

"ನಿನ್ನ ಗಾದಿ ಹಸದು ಮಲಗ್ತಾವ, ಅದಕ್ಕ ಅದರ ಮ್ಯಾಲೆ ಮಲಗಿದವರು ರಾತ್ರಿಯೆಲ್ಲಾ ಹೊರಳ್ತಾರ."

ನಾನು ದಬ್ಬಣ ಬಿಸಾಕಿ ಎದ್ದೆ. ಅಕ್ಕೋರು ಮುದುಕಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಇಟ್ಟರ ಇಡಲಿ ಬಿಡ್ರಿ, ಭಾಯ್."

ಮರುದಿನ ಮುಂಜಾನೆ ಬಾಗಿಲು ತೆಗೆದರೆ ಪಾಂಡಾದ ಹೊಟ್ಟೆ ಬಾಯಿ ತೆರೆದಿತ್ತು. ಕೋಣೆ ತುಂಬ ಅರಳೆ. ಹೋಳಿಗೆಯ ಗುರುತೂ ಇಲ್ಲ. ನಾನು ಮುದುಕಿಯ ಮನೆಯವರೆಗೂ ಕೇಳುವ ಹಾಗೆ ಕೂಗಾಡಿದೆ. ಅಕ್ಕೋರು, "ಮೆಲ್ಲಕ ಮಾತಾಡ್ರಿ, ಮಕ್ಕಳು ಅಂಜ್ತಾವ" ಅಂದರು. ಸಾಹೇಬರ ಜೀಪು ಬರಲು ಹೆಚ್ಚು ಹೊತ್ತಿರಲಿಲ್ಲ, ಕೋಣೆಯಲ್ಲಿ ಇದ್ದದ್ದು ದಿನಾ ಬರುವ ಮಕ್ಕಳಷ್ಟೇ, ಉಳಿದವರು ಹೊಲಕ್ಕೆ ಹೊರಟಿದ್ದರು.

ನನ್ನ ಕೂಗು ಮುದುಕಿಗಷ್ಟೇ ಕೇಳಿರಲಿಲ್ಲ. ಹನುಮಪ್ಪನ ಗುಡಿ ಮುಂದೆ ದೇವಪ್ಪನ ಟ್ರ್ಯಾಕ್ಟರ್ ಆಳು ತುಂಬಿಕೊಳ್ಳುತ್ತಿತ್ತು. ಪಾಂಡಾದ ಹೊಟ್ಟೆ ಒಡೆದಿದೆ ಎಂಬ ಸುದ್ದಿ ಅಲ್ಲಿಗೆ ಹೋಯಿತು. ಟ್ರೇಲರ್ ಮೇಲಿದ್ದ ಮಕ್ಕಳೆಲ್ಲ ಜಿಗಿದು ಓಡಿಬಂದವು. ಒಂದು ಹಿಡಿಯೂ ತುಂಬದಿದ್ದವರೇ ಮುಂದೆ. ಬಂದವರೆಲ್ಲ ಕುಳಿತು ಅರಳೆ ಆರಿಸತೊಡಗಿದರು. ಹಿಂದೆಯೇ ಬಂದ ತಾಯಂದಿರೂ ಕಿಟಕಿಯಲ್ಲಿ ಇಣುಕುತ್ತಾ ನಿಂತುಬಿಟ್ಟರು.

ಸಾಹೇಬರು ಬಂದಾಗ ಕಾಲಿಡಲು ಜಾಗ ಇರಲಿಲ್ಲ. ಎಣಿಸಿದರು, ತಪ್ಪಿತು, ಮತ್ತೆ ಎಣಿಸಿದರು. ಆಮೇಲೆ ಪಾಂಡಾದ ಕಡೆ ಬೆರಳು ಮಾಡಿದರು.

"ಇದು ಏನು ತಿಂತೈತಿ, ಹೇಳ್ರಿ ನೋಡೋಣ."

ಕಳಕೇಶ ಎದ್ದ. "ಚೀನಾದಾಗ ಬಿದಿರು ತಿಂತೈತ್ರಿ. ನಮ್ಮೂರಾಗ ಹೋಳಿಗಿ ತಿಂದು ಹೊಟ್ಟಿ ಒಡಕೊಂಡೈತ್ರಿ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಹೋಗುವಾಗ, "ಇಷ್ಟು ಹುಡುಗ್ರಿಗೆ ನೀವಿದ್ದರೂ ಸಾಲೂದಿಲ್ಲ, ಅಕ್ಕೋರ" ಅಂದರು. ಅಕ್ಕೋರು ಆ ಸಂಜೆಯೂ ಅದೇ ಬಸ್ಸಿಗೆ ಗಜೇಂದ್ರಗಡಕ್ಕೆ ಹೋದರು. ತಾಯಿ ತೀರುವವರೆಗೆ ನಮ್ಮ ಶಾಲೆಯಲ್ಲೇ ಇದ್ದು, ಆಮೇಲೆ ತಾವೇ ಕೇಳಿಕೊಂಡು ನರಗುಂದಕ್ಕೆ ಹೋದರು.

ಅರಳೆ ಮತ್ತೆ ತುಂಬುವಾಗ ನಾನು ಹೋಳಿಗೆಗೆ ಜಾಗ ಕೊಡಲಿಲ್ಲ. ಒಣಗಿದ ಬೇವಿನೆಲೆ ಹಾಕಿ ನಾನೇ ಹೊಲಿದೆ. ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತು ನೋಡಿದಳು. "ಹೋಳಿಗಿ ಇತ್ತು, ಇಲಿ ಬಂತು, ಹುಡುಗ್ರು ಬಂದ್ರು, ಅಕ್ಕೋರು ಉಳದ್ರು. ಅಂಥಾ ಹೊಟ್ಟಿಗೆ ಬೇವು ತಿನ್ನಿಸಿದಿ. ಅದರದೊಂದು ಊಟ ನಿನ್ನ ಮ್ಯಾಲೆ ಬಾಕಿ ಆತು ನೋಡು, ಸುಭಾನಿ."

ಎಲ್ಲಿ ಸಿಕ್ಕರೂ, ಸಂತೆಯಲ್ಲಿ, ದವಾಖಾನೆಯ ಬಾಗಿಲಲ್ಲಿ, ಅದನ್ನೇ ಕೇಳುತ್ತಿದ್ದಳು. ಇಲಿಯ ಊಟ ನಾ ಯಾಕ ಕೊಡಲಿ ಎಂದು ಬೈದು ಕಳಿಸುತ್ತಿದ್ದೆ. ಮುದುಕಿ ಸತ್ತು ವರ್ಷಗಳಾದವು. ಪಾಂಡಾ ಶಾಲೆಯ ಕಪಾಟಿನ ಮೇಲೆ ಕುಳಿತಿದೆ. ಹೋಳಿಗೆ ಇಡಲು ಆ ಹೊಲಿಗೆ ನಾನು ಇನ್ನೂ ಬಿಚ್ಚಿಲ್ಲ.