ಇನ್, ಆನ್, ಅಟ್ ಮತ್ತು ರಿಸೆಪ್ಷನ್ ಕುರ್ಚಿ

ಮದುವೆ ಕರೆಯೋಲೆ ಕೈಗೆ ಬಂದರೆ ನಾನು ಮೊದಲು ನೋಡುವುದು ಹುಡುಗ ಹುಡುಗಿ ಯಾರು ಅಂತಲ್ಲ. ಇಂಗ್ಲಿಷಿನಲ್ಲಿ ಭಾನುವಾರಕ್ಕೆ 'ಆನ್' ಹಾಕಿದ್ದಾರೋ 'ಅಟ್' ಹಾಕಿದ್ದಾರೋ ಅಂತ. ತಪ್ಪಿದ್ದರೆ ಊಟವೇ ರುಚಿಸುವುದಿಲ್ಲ. ಚಾಮರಾಜನಗರದ ಟೈಲರ್ ಅಂಗಡಿಯೊಂದರ ಮಹಡಿಯಲ್ಲಿ ಇಂಗ್ಲಿಷ್ ಕ್ಲಾಸ್ ನಡೆಸಿ ನಡೆಸಿ ಅಂಟಿಕೊಂಡ ರೋಗ ಇದು. ನಿನ್ನ ಜೊತೆ ಮದುವೆಗೆ ಬಂದರೆ ಪರೀಕ್ಷೆಗೆ ಬಂದ ಹಾಗಿರುತ್ತೆ ಅಂತ ನಮ್ಮ ಮನೆಯವರು ಗೊಣಗುತ್ತಾರೆ.

ಆ ಕ್ಲಾಸಿಗೆ ಗುಂಡ್ಲುಪೇಟೆಯಿಂದ ಒಬ್ಬಳು ಬಂದು ಸೇರಿದಳು. ವಯಸ್ಸು ನಲವತ್ತರ ಆಸುಪಾಸು. ಗೋಪಾಲಸ್ವಾಮಿ ಬೆಟ್ಟದ ದಾರಿಯಲ್ಲಿರುವ ಒಂದು ರೆಸಾರ್ಟಿನಲ್ಲಿ ರೂಮು ಗುಡಿಸಿ ಒರೆಸುವ ಕೆಲಸ. ಮಂಡಿ ಸವೆದು, ಇನ್ನು ಬಗ್ಗಿ ನೆಲ ಒರೆಸಬೇಡಿ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಅಲ್ಲೇ ರಿಸೆಪ್ಷನ್ನಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಇಂಗ್ಲಿಷ್ ಕಲಿತು ಬಂದರೆ ನೋಡೋಣ, ಇಲ್ಲದಿದ್ದರೆ ಹೊರಗಿನವರನ್ನು ತರುತ್ತೇನೆ ಅಂದಿದ್ದರಂತೆ ಮ್ಯಾನೇಜರು.

"ಆ ಕುರ್ಚಿ ಸಿಕ್ಕುದ್ರೆ ಕೆಲ್ಸ ಉಳೀತದೆ ಮಿಸ್. ಇಲ್ದಿದ್ರೆ ಮನೇಲ್ ಕೂರೋದೆಯಾ," ಅಂದಳು.

ಮಾತು ಚುರುಕು, ನಾಚಿಕೆ ಇಲ್ಲ. ಬೇಗ ಬೇಗ ಕಲಿತಳು. ತೊಡರಿಕೊಂಡಿದ್ದು ಈ ಮೂರು ಪುಟಾಣಿ ಪದಗಳಲ್ಲಿ: ಇನ್, ಆನ್, ಅಟ್. ಕನ್ನಡದಲ್ಲಿ ನಮಗೇನು ಕಷ್ಟ ಹೇಳಿ? ಮನೆಯಲ್ಲಿ, ಬಸ್ಸಿನಲ್ಲಿ, ಬಾಗಿಲಲ್ಲಿ, ರಾತ್ರಿಯಲ್ಲಿ, ಸಂತೆಮರಹಳ್ಳಿಯಲ್ಲಿ. ಒಂದು 'ಅಲ್ಲಿ' ಅಂಟಿಸಿದರೆ ಎಲ್ಲವೂ ತೆಪ್ಪಗೆ ಕೂರುತ್ತವೆ. ಇಂಗ್ಲಿಷಿನವರಿಗೆ ಅಷ್ಟು ಸಾಲದು.

"ನಮ್ ಮನೇಲಿ ಉರ್ದು ಮಿಸ್. ಒಳಗಿದ್ರೆ 'ಮೇ', ಮೇಲಿದ್ರೆ 'ಪರ್'. ಅಲ್ಲಿಗೆ 'ಇನ್' ಗೊತ್ತಾಯ್ತು, 'ಆನ್' ಗೊತ್ತಾಯ್ತು. ಈ ಅಟ್ ಅನ್ನೋನು ಯಾರು?"

"ಇಂಥ ಕಡೆ ಅಂತ ಬೆರಳಿಟ್ಟು ತೋರಿಸೋ ಹಾಗಿದ್ರೆ ಅಟ್. ಬಾಗಿಲ ಹತ್ರ, ಬಸ್ ಸ್ಟಾಪ್ ಹತ್ರ, ಎಂಟು ಗಂಟೆಗೆ. ಹಾಗೆ."

"ಆಯ್ತು. ಕಾರಿಗೆ 'ಇನ್'. ಬಸ್ಸಿಗ್ ಯಾಕೆ 'ಆನ್'? ಟಾಪ್ ಮೇಲ್ ಕೂತ್ಕಂಡು ಹೋದಾರಾ?"

"ಬಸ್ಸಲ್ಲಿ ಎದ್ದು ಓಡಾಡಬಹುದಲ್ಲ, ಅದಕ್ಕೆ."

"ನೀವು ನಮ್ ಬೆಳಿಗ್ಗೆ ಬಸ್ಸಲ್ಲಿ ಬಂದಿಲ್ಲ ಬುಡಿ ಮಿಸ್. ಎತ್ತಿದ್ ಕೈ ಇಳ್ಸಕ್ಕೂ ಜಾಗ ಇರಕ್ಕಿಲ್ಲ."

ಬೆಳಿಗ್ಗೆಗೆ ಇನ್, ರಾತ್ರಿಗೆ ಅಟ್ ಅಂದಾಗಲಂತೂ ಪುಸ್ತಕವನ್ನೇ ಮುಚ್ಚಿಬಿಟ್ಟಳು. "ರಾತ್ರಿ ಏನ್ ಪಾಪ ಮಾಡಿತ್ತು ಮಿಸ್?" ನನಗೆ ರೇಗಿತು. ಉತ್ತರ ಗೊತ್ತಿದ್ದರೆ ತಾನೇ ಹೇಳುವುದು? "ಅದು ಹಂಗೇ ಇರೋದು, ಹಂಗೇ ಕಲಿ ತಾಯಿ!" ಅಂತ ಗದರಿದೆ. ಕೊನೆಗೆ ಅವಳ ಕೆಲಸವನ್ನೇ ಪಾಠ ಮಾಡಿದೆ. ದಿಂಬು ಆನ್ ದಿ ಬೆಡ್, ಟವೆಲ್ಲು ಇನ್ ದಿ ಬಾತ್‌ರೂಮ್, ಚಪ್ಪಲಿ ಅಟ್ ದಿ ಡೋರ್. ಬಸ್ಸಿನಲ್ಲಿ ಇದನ್ನೇ ಜಪಿಸುತ್ತಾ ಹೋಗಿ, ಕಂಡಕ್ಟರ್ ಎಲ್ಲಿಗೆ ಅಂದರೆ "ಅಟ್ ಗುಂಡ್ಲುಪೇಟೆ" ಅಂದಳಂತೆ.

ಇಂಟರ್‌ವ್ಯೂ ದಿನ ನನ್ನನ್ನೂ ಎಳೆದುಕೊಂಡು ಹೋದಳು. ನೀವು ಕಣ್ಣಿಗೆ ಬೀಳುತ್ತಿದ್ದರೆ ಧೈರ್ಯ ಅಂತ. ನಾನು ರಿಸೆಪ್ಷನ್ನಿನ ಸೋಫಾದಲ್ಲಿ ಕೂತೆ. ಮ್ಯಾನೇಜರು ಅವಳನ್ನು ಆ ಖಾಲಿ ಕುರ್ಚಿಯಲ್ಲೇ ಕೂರಿಸಿ, ಹೆಸರು, ಊರು, ಊಟದ ಸಮಯ ಎಲ್ಲ ಇಂಗ್ಲಿಷಿನಲ್ಲಿ ಕೇಳಿದರು. ಚೆನ್ನಾಗಿಯೇ ಹೇಳಿದಳು. ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ಹೊತ್ತಿಗೆ ಕೇರಳದ ಕಾರೊಂದು ಬಂದು ನಿಂತಿತು. ಮಗ ಡಿಕ್ಕಿಯಿಂದ ಸಾಮಾನು ಇಳಿಸುತ್ತಿದ್ದ. ಅವನ ತಾಯಿ ಕೋಲೂರಿಕೊಂಡು ಒಳಗೆ ಬಂದರು.

"ಇದೇ ಪರೀಕ್ಷೆ ಅಂದ್ಕೊಳ್ಳಿ," ಅಂದರು ಮ್ಯಾನೇಜರು. "ಇವರ ರೂಮ್ ಎಲ್ಲಿದೆ ಅಂತ ಇಂಗ್ಲಿಷಲ್ಲಿ ಹೇಳಿ."

ರೂಮು ಹಿಂದಿನ ತೋಟದಲ್ಲಿತ್ತು, ಕಲ್ಲು ಮೆಟ್ಟಿಲು ಇಳಿದು ಹೋಗಬೇಕು. "ಯುವರ್ ರೂಮ್ ಈಸ್..." ಅಂದವಳು ಅಲ್ಲೇ ನಿಂತಳು. ನಾನು ಸೋಫಾದಿಂದಲೇ 'ಇನ್, ಇನ್' ಅಂತ ಬಾಯಿ ಆಡಿಸಿದ್ದೇ ಆಡಿಸಿದ್ದು. ಅವಳು ನನ್ನ ಕಡೆ ನೋಡಿದರೆ ತಾನೇ! ಆ ಅಜ್ಜಿಯ ನಡುಗುವ ಕಾಲು ನೋಡುತ್ತಿದ್ದಳು. ನೋಡ್ತಾ ನೋಡ್ತಾ ಕುರ್ಚಿಯಿಂದ ಎದ್ದಳು, ಮೇಜು ಸುತ್ತಿ ಬಂದಳು, "ವರೂ ಅಮ್ಮೇ" ಅಂತ, ಕೆಲಸದಲ್ಲಿ ಕಿವಿಗೆ ಬಿದ್ದ ಮಲಯಾಳದಲ್ಲೇ ಕರೆದು ಕೈ ಹಿಡಿದಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೊರಟೇಹೋದರು. ನಮ್ಮ ಕಡೆ ದಾರಿ ಕೇಳಿದವರಿಗೆ ಯಾರು ಬಾಯಲ್ಲಿ ಹೇಳುತ್ತಾರೆ? ಬನ್ನಿ ಅಂತ ಜೊತೆಗೇ ಹೊರಡುವುದು.

ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಮ್ಯಾನೇಜರ ಮುಖ ಗಂಟಿಕ್ಕಿತು. ಅಯ್ಯೋ ಪುಣ್ಯಾತ್ಗಿತ್ತಿ, ಕೂತಲ್ಲೇ ಒಂದು ವಾಕ್ಯ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಮನಸ್ಸಿನಲ್ಲೇ ಬೈದೆ.

ಅವಳು ಕುಂಟುತ್ತಾ ವಾಪಸು ಬಂದಳು.

"ಕೂತು ದಾರಿ ಹೇಳೋ ಕೆಲಸ ಇದು," ಅಂದರು ಮ್ಯಾನೇಜರು. "ನೀವೇ ಎದ್ದು ಹೋದ್ರೆ ಫೋನ್ ಯಾರು ತಗೊಳ್ತಾರೆ?"

"ಫೋನು ತಿರ್ಗ ಹೊಡೀತದೆ ಸಾ. ಅವಮ್ಮ ಬಿದ್ಬುಟ್ರೆ ತಿರ್ಗ ಎದ್ದಾರಾ?"

"ಇಂಗ್ಲಿಷಲ್ಲಿ ಹೇಳಿ."

"ಫೋನ್ ಅಗೇನ್ ಕಮ್, ಸರ್. ಮದರ್ ಫಾಲ್, ಅಗೇನ್ ನೋ ಕಮ್."

ಒಂದು ಇನ್ ಇಲ್ಲ, ಆನ್ ಇಲ್ಲ, ಅಟ್ ಇಲ್ಲ. ತಿಂಗಳುಗಟ್ಟಲೆ ಗಂಟಲು ಹರಿದುಕೊಂಡಿದ್ದರಲ್ಲಿ ಒಂದಾದರೂ ಬೇಡವಾ? ಆದರೆ ಆಗ ನನಗೆ ತಿದ್ದುವ ಯೋಚನೆಯೇ ಬರಲಿಲ್ಲ, ಅಳು ಬಂತು.

ಮ್ಯಾನೇಜರು ಹೊರಗೆ ಮೆಟ್ಟಿಲ ಕಡೆ ನೋಡುತ್ತಾ ನಿಂತಿದ್ದರು. ಫೋನು ಮತ್ತೆ ಹೊಡೆಯಿತು. ಪಕ್ಕದಲ್ಲೇ ಇದ್ದರೂ ಅವರು ಎತ್ತಲಿಲ್ಲ. ಕುರ್ಚಿಯನ್ನು ಅವಳ ಕಡೆ ತಿರುಗಿಸಿ, "ತಗೊಳ್ಳಿ, ನಿಮಗೇ ಬಂದಿರೋದು," ಅಂದರು.