ಗ್ರೂಪಿನಿಂದ ಹೊರಬಿದ್ದ ದೊಡ್ಡಮ್ಮ

ಇಂದಿರಾನಗರದ ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ಫೋನು, ಕಂಪ್ಯೂಟರುಗಳಿಗೆ ನುಗ್ಗಿ ಕಳ್ಳತನ ಮಾಡುವ ಪ್ರೋಗ್ರಾಮುಗಳನ್ನು ಬಿಚ್ಚಿ ನೋಡುವುದು ನನ್ನ ಕೆಲಸ. ಯಾವುದೋ ದೇಶದ ಬ್ಯಾಂಕಿನವರು ನನ್ನ ವರದಿ ಓದಿ ಎಚ್ಚರವಾಗುತ್ತಾರೆ. ನಮ್ಮ ಮನೆಯವರು ಮಾತ್ರ ನಾನು ಬಾಯಿ ಬಡಿದುಕೊಂಡರೂ ಎಚ್ಚರವಾಗುವುದಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂತ ಸುಮ್ಮನೆ ಹೇಳಿದರೇ?

ಹೋದ ವರ್ಷ ಮದುವೆ ಕರೆಯೋಲೆಯ ವೇಷದಲ್ಲಿ ಒಂದು ಕಳ್ಳ ಆಪ್ ಫೋನಿನಿಂದ ಫೋನಿಗೆ ಹಬ್ಬುತ್ತಿತ್ತು. ಅದನ್ನು ಹಾಕಿಕೊಂಡರೆ ನಿಮ್ಮ ಮೆಸೇಜುಗಳನ್ನೆಲ್ಲ ಕದ್ದು ಓದಿ, ನಿಮ್ಮ ಹೆಸರಿನಲ್ಲೇ ನೆಂಟರಿಷ್ಟರಿಗೆಲ್ಲ ಮತ್ತೆ ಅದೇ ಕರೆಯೋಲೆ ಕಳಿಸುತ್ತದೆ. "ಇದ್ರಲ್ಲಿ ಹೊಸದೇನಿದೆ, ಪಕ್ಕಕ್ಕಿಡಿ" ಅಂದಿದ್ದರು ನಮ್ಮ ಮ್ಯಾನೇಜರ್. ಪಕ್ಕಕ್ಕಿಟ್ಟ ವಾರವೇ ಅದು ನನ್ನ ಫೋನಿಗೆ ಬಂತು, ದೊಮ್ಮಲೂರಿನ ನಮ್ಮ ದೊಡ್ಡಮ್ಮನ ಹೆಸರಿನಲ್ಲಿ. ಅಯ್ಯೋ ನನ್ನ ಕರ್ಮವೇ ಅಂತ ಊಟ ಬಿಟ್ಟು ಓಡಿದೆ.

"ಯಾರ ಮದುವೆ ಅಂತ ತೆಗೆದ್ರಿ ದೊಡ್ಡಮ್ಮ?"

"ಗೊತ್ತಾಗ್ಲಿಲ್ಲ ಕಣೇ. ಕರೆದೋರನ್ನೇ ಯಾರ ಮದುವೆ ಅಂತ ಕೇಳಿದ್ರೆ ಅವಮಾನ ಅಲ್ವಾ? ಅದಕ್ಕೇ ತೆಗೆದು ನೋಡ್ದೆ."

"ಮೆಸೇಜ್ ಓದ್ಲಾ, ನಂಬರೆಲ್ಲ ನೋಡ್ಲಾ ಅಂತ ಅದು ಕೇಳಿರುತ್ತಲ್ಲ?"

"ಕೇಳ್ತು. ಎಲ್ಲದಕ್ಕೂ ಹೂಂ ಅಂದೆ. ಶುಭಕಾರ್ಯಕ್ಕೆ ಕರೆಯೋಕೆ ಬಂದೋರಿಗೆ ಇಲ್ಲ ಅನ್ನಬಾರ್ದು."

ಇವರ ಮೇಲೆ ಏನಂತ ಸಿಟ್ಟು ಮಾಡುವುದು? ದೊಮ್ಮಲೂರಿನಲ್ಲಿ ನಮ್ಮವರು ರಾಗಿ ಬೆಳೆಯುತ್ತಿದ್ದ ಕಾಲದಿಂದ ನಮ್ಮ ಬಳಗದ ಯಾವ ಕಾರ್ಯವೂ ದೊಡ್ಡಮ್ಮನನ್ನು ಕೇಳದೆ ನಡೆದಿಲ್ಲ. ಯಾರ ಸೀಮಂತವಾದರೂ ಮೊದಲು ಮಡಿಲು ತುಂಬುವವರು ಅವರೇ. ಅವರು ಕಳಿಸಿದ್ದು ಅಂತಲೇ ಅರ್ಧ ಬಳಗ ಆ ಕರೆಯೋಲೆಯನ್ನು ತೆಗೆದಿತ್ತು. ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ, ಹೊಸದಾಗಿ ಸಜ್ಜು ಮಾಡಿಕೊಟ್ಟೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿಯುತ್ತೆ!

ಫೋನಿನಲ್ಲಿರುವ ನಮ್ಮ ಮನೆತನದ ಗ್ರೂಪನ್ನು ನೋಡಿಕೊಳ್ಳುವವನು ಕೆ.ಆರ್. ಪುರದ ಚಿಕ್ಕಪ್ಪನ ಮಗ, ನನಗೆ ಅಣ್ಣ. ಎಲ್ಲರಿಗೂ ಹಬ್ಬಿದ್ದು ಇವರಿಂದಲೇ ಅಂತ ಅವನು ಆಗಲೇ ದೊಡ್ಡಮ್ಮನನ್ನು ಗ್ರೂಪಿನಿಂದ ಹೊರಗೆ ಹಾಕಿದ್ದ. ಕೇಳಿದರೆ ನನಗೇ ಪಾಠ.

"ವೈರಸ್ ಬಂದಿರೋ ಮಷೀನನ್ನ ಮೊದ್ಲು ನೆಟ್‌ವರ್ಕಿಂದ ಕಿತ್ತಾಕ್ಬೇಕು ಅಂತ ನೀನೇ ಹೇಳ್ತಿರ್ತೀಯಲ್ಲ?"

"ಮಷೀನನ್ನ ಕಣೋ! ಅವ್ರು ದೊಡ್ಡಮ್ಮ! ಈಗ ಫೋನ್ ಸರಿಯಾಗಿದೆ, ವಾಪಸ್ ಸೇರಿಸು."

"ಗ್ಯಾರಂಟಿನಾ?"

ನಮ್ಮ ಕಸುಬಿನಲ್ಲಿ ಯಾವುದನ್ನೂ ಪೂರ್ತಿ ಶುದ್ಧ ಅಂತ ಬರೆಯುವಂತಿಲ್ಲ. ಸದ್ಯಕ್ಕೆ ಯಾವ ಸುಳಿವೂ ಸಿಕ್ಕಿಲ್ಲ ಅಂತಲೇ ಬರೆಯಬೇಕು. ಅಭ್ಯಾಸಬಲದಿಂದ ಅವನಿಗೂ ಅದನ್ನೇ ಅಂದೆ. "ನೋಡ್ದಾ, ನಿಂಗೇ ಡೌಟು" ಅಂದ. ಆಮೇಲೆ ತಿಂಗಳುಗಟ್ಟಲೆ ಗೋಗರೆದೆ, ಜಗಳವಾಡಿದೆ. ಹಾಕ್ತೀನಿ, ಹಾಕ್ತೀನಿ ಅಂತ ಜಾರಿಕೊಂಡ. ಅತ್ತ ದೊಡ್ಡಮ್ಮ ಫೋನ್ ಮಾಡಿದಾಗಲೆಲ್ಲ "ಗ್ರೂಪಲ್ಲಿ ಏನ್ ಬಂತೇ? ನನ್ನ ಇನ್ನೂ ಸೇರಿಸ್ಲಿಲ್ವಾ?" ಅಂತ ಕೇಳುತ್ತಿದ್ದರು. ಉತ್ತರ ಕೊಟ್ಟು ಕೊಟ್ಟು ನನಗೆ ರೋಸಿಹೋಗಿತ್ತು.

ಅಷ್ಟರಲ್ಲಿ ಅಣ್ಣನ ಹೆಂಡತಿಯ ಸೀಮಂತ ಬಂತು. ಗ್ರೂಪಿನಲ್ಲಿ ಕರೆದಿದ್ದ. ದೊಡ್ಡಮ್ಮನನ್ನು ಮನೆಗೇ ಹೋಗಿ ಕರೆದಿರುತ್ತಾನೆ ಬಿಡು ಅಂದುಕೊಂಡೆ. ಕೆ.ಆರ್. ಪುರದ ದಾರಿಯ ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಬೆಂದು ನಾನು ತಲುಪುವಷ್ಟರಲ್ಲಿ ಮಡಿಲು ತುಂಬಿ ಆಗಿತ್ತು. ದೊಡ್ಡಮ್ಮ ಎಲ್ಲೂ ಕಾಣಲಿಲ್ಲ.

"ಗ್ರೂಪಲ್ಲಿ ಹಾಕಿದ್ನಲ್ಲ" ಅಂದ ಅಣ್ಣ. ಅಂದವನೇ ನಾಲಿಗೆ ಕಚ್ಚಿಕೊಂಡ.

ನನಗೆ ಮೈಯೆಲ್ಲ ಉರಿದುಹೋಯಿತು. "ಗ್ಯಾರಂಟಿ ಬೇಕಿತ್ತಲ್ಲ ನಿಂಗೆ? ತಗೋ, ಗ್ಯಾರಂಟಿ! ಈಗ್ಲೇ ಸೇರಿಸು!" ಅಂತ ಬಂದವರೆದುರಿಗೇ ಕೂಗಾಡಿದೆ. ಅವನು ತೆಪ್ಪಗೆ ಸೇರಿಸಿದ.

ಸಂಜೆ ತಾಂಬೂಲ ಹಿಡಿದು ದೊಮ್ಮಲೂರಿಗೆ ಹೋದೆ. ದೊಡ್ಡಮ್ಮನ ಫೋನಿಗೆ ಆಗಲೇ ಸೀಮಂತದ ಫೋಟೋಗಳು ಬಂದಿದ್ದವು.

"ನಾನಿಲ್ದೆ ಮಡಿಲು ತುಂಬಿದ್ರಾ?" ಅಂದರು. ಅಣ್ಣನ ಅವಿವೇಕವನ್ನೆಲ್ಲ ಹೇಳಿದೆ. ಗ್ರೂಪಿಗೆ ಮತ್ತೆ ಸೇರಿಸಿದ್ದಾನೆ, ಇನ್ನು ಹೀಗಾಗುವುದಿಲ್ಲ ಅಂದೆ.

"ಫೋನು ನಿಜ್ವಾಗ್ಲೂ ಸರಿ ಹೋಗಿದ್ಯಾ?"

"ಸರಿ ಹೋಗಿದೆ ದೊಡ್ಡಮ್ಮ. ಗ್ಯಾರಂಟಿ."

ಅವರು ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಏನೋ ಹುಡುಕಿ ಒತ್ತಿದರು. ನನ್ನ ಫೋನು ಸದ್ದು ಮಾಡಿತು. ದೊಡ್ಡಮ್ಮನಿಂದ ಏನೋ ಬಂದಿತ್ತು, ಮುಟ್ಟಿದರೆ ಮಾತ್ರ ತೆರೆಯುವಂಥದ್ದು.

"ತೆಗೆದು ನೋಡು" ಅಂದರು.

ನನ್ನ ಬೆರಳು ನಿಂತುಬಿಟ್ಟಿತು. ಒಂದೇ ಗಳಿಗೆ, ಅಷ್ಟೆ. ಆಮೇಲೆ ತೆಗೆದೆ. ಮಲ್ಲಿಗೆ ಹೂವಿನ ಚಿತ್ರ, ಕೆಳಗೆ ಶುಭ ಸಂಜೆ ಅಂತ ಬರೆದಿತ್ತು. ತಲೆಯೆತ್ತಿದರೆ ದೊಡ್ಡಮ್ಮ ನನ್ನ ಬೆರಳನ್ನೇ ನೋಡುತ್ತಿದ್ದರು.

"ಇನ್ಮೇಲೆ ಏನೂ ಕಳ್ಸಲ್ಲ ಬಿಡು" ಅಂದು, ಫೋನನ್ನು ಕೆಳಗಿಟ್ಟು, ಕಾಫಿಗೆ ಹಾಲು ಕಾಯಿಸಲು ಎದ್ದರು.